ಮೈಸೂರು ರಾಜ್ಯದ ನಂಬರಿನ ಹೆರಾಲ್ಡ್ ಮತ್ತೆ ಗೇರಿಗೆ ಬಿತ್ತು

ಹೈದರಾಬಾದ್: ಅಮೀರ್‌ಪೇಟ್‌ನ ಮೈತ್ರಿವನಂ ಕಡೆ ಹೋದವರಿಗೆ ಕಂಪ್ಯೂಟರ್ ಕೋರ್ಸುಗಳ ಬೋರ್ಡುಗಳೇ ಕಣ್ಣಿಗೆ ಬೀಳುತ್ತವೆ. ಅಲ್ಲೇ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಈಗ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ನಿಂತಿದೆ. ಅದರ ನಂಬರ್ ‘ಎಂವೈ’ ಎಂದು ಶುರುವಾಗುತ್ತದೆ. ನಮ್ಮ ನಾಡಿಗೆ ಇನ್ನೂ ಮೈಸೂರು ರಾಜ್ಯವೆಂದೇ ಹೆಸರಿದ್ದಾಗ, 1969ರಲ್ಲಿ, ಅಪ್ಪ ಬೆಂಗಳೂರಿನಲ್ಲಿ ಕೊಂಡ ಕಾರು ಇದು.

ಮಲ್ಲೇಶ್ವರದ ಮನೆಯ ಶೆಡ್ಡಿನಲ್ಲಿ ಅದು ಐದು ಮಳೆಗಾಲ ಕದಲದೆ ನಿಂತಿತ್ತು. ಮನೆ ಮಾರಿದಾಗ ಲಾರಿಯ ಮೇಲೆ ಹೇರಿ ಇಲ್ಲಿಗೆ ತಂದೆವು. ಇಂಜಿನ್ ಹೇಗೋ ಶುರುವಾಯಿತು. ಆದರೆ ಗೇರ್ ಬೀಳಲಿಲ್ಲ.

ಸ್ಪೋರ್ಟ್ಸ್ ಕಾರಿನ ದಾಯಾದಿ

ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಮಾದರಿಯ ಈ ಕಾರನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ತಯಾರಿಸಿತು. ಅದೇ ಚಾಸಿಸನ್ನು ಗಿಡ್ಡ ಮಾಡಿ, ಎರಡು ಸೀಟಿನ ಬಾಡಿ ಕೂರಿಸಿ 1962ರಲ್ಲಿ ಬಂದದ್ದೇ ಹೆಸರುವಾಸಿ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್. ಹಾಗಾಗಿ ಎರಡರ ಕ್ಲಚ್ಚಿನ ಕಾಯಿಲೆಗಳೂ ಮದ್ದೂ ಹೆಚ್ಚುಕಮ್ಮಿ ಒಂದೇ.

ಮೊದಲು ಬಂದ ಮೆಕ್ಯಾನಿಕ್ ಸುಲಭದ ದಾರಿ ಹೇಳಿದರು: ‘ಬೇರೆ ಕಾರಿನ ಇಂಜಿನ್, ಗೇರ್‌ಬಾಕ್ಸ್ ಜೊತೆಯಾಗಿ ಕೂರಿಸಿಬಿಡೋಣ, ಇಲ್ಲವಾದರೆ ಗುಜರಿಗೆ ಕೊಡಿ.’ ಅಣ್ಣ ಒಪ್ಪಿಯೇಬಿಟ್ಟಿದ್ದ. ತಡೆದದ್ದು ಅಪ್ಪ. ಕಾರಣ ಬರೀ ಮಮಕಾರವಲ್ಲ. ಕೇಂದ್ರ ಸರಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಹಳೆಯ ನಂಬರನ್ನೂ ಉಳಿಸಿಕೊಳ್ಳಬಹುದು. ಆದರೆ ಚಾಸಿಸ್, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕು. ಇಂಜಿನ್ ಬದಲಾದರೆ ‘ಎಂವೈ’ ಉಳಿಸುವ ಆ ದಾರಿಯೂ ಮುಚ್ಚುತ್ತಿತ್ತು.

ರೋಗ ಎರಡು

ಎರಡನೆಯವರು ವಯಸ್ಸಾದ ಉಸ್ತಾದ್. ಪೆಡಲ್ ಒತ್ತಿ ನೋಡಿ, ‘ಸಾಬ್, ಇಲ್ಲಿ ರೋಗ ಒಂದಲ್ಲ, ಎರಡು’ ಎಂದರು. ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಹೆರಾಲ್ಡಿನ ಕ್ಲಚ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂಥದು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಸಿಲಿಂಡರಿಗೆ ಒಳಗಿನಿಂದಲೇ ತುಕ್ಕು. ಇದು ಮೊದಲ ರೋಗ. ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡದ್ದು ಎರಡನೆಯದು.

ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಿ ಒಂದು ಜರ್ಕ್ ಕೊಟ್ಟರೆ ಪ್ಲೇಟ್ ಬಿಡಬಹುದು ಎಂದು ಅಣ್ಣ ಹೇಳಿದ. ಮಕ್ಕಳು ಆಡುವ ಗಲ್ಲಿಯಲ್ಲಿ ಅದು ಬೇಡವೆಂದು ಉಸ್ತಾದ್ ಖಡಾಖಂಡಿತವಾಗಿ ಹೇಳಿದರು.

ಹೆರಾಲ್ಡಿನ ವಿಶೇಷವೆಂದರೆ ಗೇರ್‌ಬಾಕ್ಸನ್ನು ಕಾರಿನ ಒಳಗಿನಿಂದಲೇ ತೆಗೆಯಬಹುದು. ಸೀಟು, ನಡುವಿನ ಕವರ್ ಕಳಚಿ ಇಬ್ಬರು ಹಿಡಿದು ಎತ್ತಿದೆವು. ಒಳಗಿನ ಧೂಳಿಗೆ ಗಾಳಿ ಹೊಡೆಯಲು ಉಸ್ತಾದ್ ಬಿಡಲಿಲ್ಲ. ಹಳೆಯ ಪ್ಲೇಟುಗಳ ಫೇಸಿಂಗ್‌ನಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಿಂದಲೇ ಒರೆಸಿದೆವು.

ಅಮ್ಮನ ಹುಣಸೆಹಣ್ಣು

ಫ್ಲೈವೀಲಿನ ಮೇಲ್ತುಕ್ಕು ಮರದ ತುಂಡಿಗೆ ಸುತ್ತಿದ ಎಮರಿ ಕಾಗದಕ್ಕೇ ಹೋಯಿತು. ಪ್ಲೇಟ್ ಅಂಟಿದ್ದ ಜಾಗದಲ್ಲಿ ಮಾತ್ರ ಸಣ್ಣ ಗುಳಿಗಳು ಬಿದ್ದಿದ್ದವು. ಬಾಲಾನಗರದ ಲೇತಿನಲ್ಲಿ ತೆಳುವಾಗಿ ಒಂದು ಪದರ ತೆಗೆಸಿದೆವು. ಪ್ಲೇಟಿಗೆ ಹೊಸ ಫೇಸಿಂಗ್ ರಿವೆಟ್ ಹೊಡೆಸಿದ್ದಾಯಿತು.

ಫೋರ್ಕು, ಪಿನ್ನು ಮೊದಲಾದ ಸಣ್ಣ ಸಾಮಾನಿಗೆ ಸೀಮೆಎಣ್ಣೆ ಸಾಲಲಿಲ್ಲ. ಅಮ್ಮ ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆ ಹುಳಿಯನ್ನೇ ತಂದಿಟ್ಟರು. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ಉಜ್ಜಿದಾಗ ಕಬ್ಬಿಣದ ಬಣ್ಣ ಕಂಡಿತು. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರಬೇಕು, ಇಲ್ಲವಾದರೆ ಗಂಟೆಯೊಳಗೆ ಮತ್ತೆ ಕೆಂಪು. ಆದರೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗುಗಳನ್ನು ಮಾತ್ರ ಹುಳಿಗಾಗಲಿ ಆ್ಯಸಿಡ್‌ಗಾಗಲಿ ಹಾಕಬಾರದು. ಗಟ್ಟಿ ಉಕ್ಕು ಪೆಡಸಾಗಿ ಮುರಿಯಬಹುದು. ಅವನ್ನು ಬ್ರಷ್ಷಿನಿಂದಷ್ಟೇ ಉಜ್ಜಿ ಒರೆಸಿದರು.

ಸ್ಲೇವ್ ಸಿಲಿಂಡರಿನ ಒಳಗೆ ಗುಳಿ ಆಳವಾಗಿತ್ತು. ಉಜ್ಜಿದರೆ ಎಣ್ಣೆ ಸೋರುವುದು ನಿಲ್ಲದೆಂದು ಒಳಗೆ ತೋಳು ಹಾಕಿಸಿದೆವು. ರಬ್ಬರ್ ಸೀಲುಗಳು ರಾಣಿಗಂಜ್‌ನಲ್ಲಿ ಅಳತೆಗೆ ಸಿಕ್ಕವು. ಅವಕ್ಕೆ ಪೆಟ್ರೋಲ್, ಸೀಮೆಎಣ್ಣೆ ತಾಗಿದರೆ ಊದಿಕೊಳ್ಳುತ್ತವೆ, ಬ್ರೇಕ್ ಎಣ್ಣೆಯಲ್ಲೇ ಅದ್ದಿ ಕೂರಿಸಬೇಕು.

ಅಂಗಳದಲ್ಲಿ ಒಂದು ಸುತ್ತು

ಎಲ್ಲ ಜೋಡಿಸಿ, ಗಾಳಿ ತೆಗೆದ ಮೇಲೆ ಅಪ್ಪ ಪೆಡಲ್ ಒತ್ತಿದರು. ಮೊದಲ ಗೇರ್ ಸದ್ದಿಲ್ಲದೆ ಬಿತ್ತು. ಕಾರು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಒಂದು ಸುತ್ತು ಬಂತು. ಅಪ್ಪ ಏನೂ ಮಾತಾಡಲಿಲ್ಲ. ಇಳಿದವರು ಅಣ್ಣನ ಕೈಗೆ ಕೀಲಿ ಕೊಟ್ಟರು.

ಕಾಗದಪತ್ರ ಆಗುವ ತನಕ ಆ ಅಂಗಳವೇ ಅದರ ರಸ್ತೆ. 2021ರ ನಿಯಮದಲ್ಲಿ ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕವಿದ್ದು, ನೋಂದಣಿ 10 ವರ್ಷ ಊರ್ಜಿತ. ಆಮೇಲೂ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ಒಯ್ಯಬಹುದು. ಒಂದು ರಾಜ್ಯೋತ್ಸವಕ್ಕಾದರೂ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಮುಂದೆ ಅದನ್ನು ನಿಲ್ಲಿಸಬೇಕೆಂಬುದು ಅಪ್ಪನ ಆಸೆ.

ಊರಿನ ಮನೆಯಲ್ಲಿ ಹಳೆ ಕಾರು ನಿಲ್ಲಿಸಿ ಬಂದಿರುವ ಬಂಧುಗಳಿಗೆ ಉಸ್ತಾದರ ಮಾತು ಇಷ್ಟೇ: ವಾರಕ್ಕೊಮ್ಮೆ ಇಂಜಿನ್ ಶುರುಮಾಡಿಸಿ, ಹತ್ತು ಸಲ ಕ್ಲಚ್ ಒತ್ತಿಸಿ, ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ. ಓಡಿ ಸವೆದದ್ದಕ್ಕಿಂತ ನಿಂತು ಕೆಟ್ಟದ್ದೇ ಹೆಚ್ಚು.