ಗೋದಾಮಿನ ದೀಪಕ್ಕೆ ಚಲನೆಯ ಸ್ವಿಚ್ಚು: ಮೊದಲು ಲೆಕ್ಕ, ನಂತರ ಜೋಡಣೆ

ಗೋಕಾಕ ಭಾಗಕ್ಕೂ ಯಂತ್ರಶಕ್ತಿಗೂ ಹಳೆಯ ನಂಟು. ಜಲಪಾತದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ನೀರಿನ ಬಲದಿಂದಲೇ ಇಲ್ಲಿನ ಹತ್ತಿ ಗಿರಣಿಯು 19ನೆಯ ಶತಮಾನದ ಕೊನೆಯಲ್ಲಿ ನಡೆಯತೊಡಗಿತು. ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಇಂದಿಗೂ ವಿದ್ಯುತ್ ವಿತರಿಸುತ್ತಿದೆ. ಆದರೆ ಗೋಕಾಕದ ಕರದಂಟು ಪ್ಯಾಕಿಂಗ್ ಕೋಣೆಯಿರಲಿ, ಮೂಡಲಗಿಯ ಬೆಲ್ಲದ ದಾಸ್ತಾನು ಕೊಠಡಿಯಿರಲಿ, ಹುಕ್ಕೇರಿಯ ಅಡತಿ ಗೋದಾಮಿರಲಿ, ಆರಿಸಲು ಮರೆತ ದೀಪದ ಬಿಲ್ಲನ್ನು ಮಾಲೀಕನೇ ಭರಿಸಬೇಕು. ಮನುಷ್ಯರ ಚಲನೆ ಕಂಡಾಗ ಮಾತ್ರ ದೀಪ ಹೊತ್ತಿಸುವ ಸ್ವಿಚ್ಚನ್ನು ಊರಿನ ರೇಡಿಯೋ-ಟಿ.ವಿ. ದುರಸ್ತಿ ಅಂಗಡಿಯಲ್ಲಿಯೇ ಜೋಡಿಸಿಕೊಳ್ಳಬಹುದು.

ಜೋಡಣೆಯ ವಿಧಾನ

ಎಚ್‌ಸಿ-ಎಸ್‌ಆರ್ 501 ಎಂಬ ಪಿಐಆರ್ ಸಂವೇದಕವು ದೇಹದಿಂದ ಹೊಮ್ಮುವ ಶಾಖಕಿರಣಗಳಲ್ಲಿನ ಬದಲಾವಣೆಯನ್ನು ಗುರುತಿಸುತ್ತದೆ. ಇದರ ವ್ಯಾಪ್ತಿ ಸುಮಾರು 7 ಮೀಟರ್. ಚಲನೆ ಕಂಡೊಡನೆ ಇದರ ಹೊರತುದಿಯಲ್ಲಿ 3.3 ವೋಲ್ಟ್ ದೊರೆಯುತ್ತದೆ. ಆದರೆ 12 ವೋಲ್ಟಿನ, 400 ಓಮ್ ಸುರುಳಿಯ ರಿಲೇಗೆ 30 ಮಿಲಿಆಂಪಿಯರ್ ಬೇಕು. ಈ ಕೊರತೆಯನ್ನು ತುಂಬುವುದೇ ಟ್ರಾನ್ಸಿಸ್ಟರಿನ ಕೆಲಸ. 100 ಮಿಲಿಆಂಪಿಯರ್‌ವರೆಗೆ ತಾಳಿಕೊಳ್ಳುವ ಬಿಸಿ 547 ಇದಕ್ಕೆ ಧಾರಾಳವಾಗಿ ಸಾಕು.

ಸಂವೇದಕಕ್ಕೂ ರಿಲೇಗೂ 12 ವೋಲ್ಟಿನ ಒಂದೇ ಅಡಾಪ್ಟರ್ ಸಾಕು. ಸಂವೇದಕದ ಹೊರತುದಿಯನ್ನು 1 ಕಿಲೋಓಮ್ ರೋಧಕದ ಮೂಲಕ ಟ್ರಾನ್ಸಿಸ್ಟರಿನ ಬೇಸ್‌ಗೆ, ಎಮಿಟರನ್ನು ಋಣ ತಂತಿಗೆ ಸೇರಿಸಬೇಕು. ರಿಲೇ ಸುರುಳಿಯು ಧನ ತಂತಿಗೂ ಕಲೆಕ್ಟರಿಗೂ ನಡುವೆ ಇರಲಿ. ಸುರುಳಿಗೆ ಅಡ್ಡಲಾಗಿ 1ಎನ್ 4007 ಡಯೋಡನ್ನು, ಬಿಳಿ ಪಟ್ಟಿಯ ತುದಿ ಧನ ತಂತಿಯ ಕಡೆಗೆ ಬರುವಂತೆ, ಜೋಡಿಸುವುದನ್ನು ಮರೆಯಬಾರದು. ಇದಿಲ್ಲದಿದ್ದರೆ ರಿಲೇ ಬಿಡುವಾಗ ಹುಟ್ಟುವ ಹಿಮ್ಮುಖ ವೋಲ್ಟೇಜಿಗೆ ಟ್ರಾನ್ಸಿಸ್ಟರ್ ಬಲಿಯಾಗುತ್ತದೆ.

ಅಂಗಳದ ದೀಪ ಹಗಲಿನಲ್ಲಿ ಹೊತ್ತಬಾರದೆಂದರೆ ಇನ್ನೊಂದು ಬಿಸಿ 547 ಸೇರಿಸಬೇಕು. ಅದರ ಕಲೆಕ್ಟರ್ ಮೊದಲನೆಯದರ ಬೇಸ್‌ಗೆ, ಎಮಿಟರ್ ಋಣ ತಂತಿಗೆ ಸೇರುತ್ತದೆ. ಅದರ ಬೇಸ್‌ಗೆ ಧನ ತಂತಿಯಿಂದ 10 ಕಿಲೋಓಮ್ ರೋಧಕ ಮತ್ತು ಎಲ್‌ಡಿಆರ್ ಮೂಲಕ ವಿದ್ಯುತ್ ಬರಲಿ; ಬೇಸ್‌ನಿಂದ ಋಣ ತಂತಿಗೆ 47 ಕಿಲೋಓಮ್ ಪ್ರಿಸೆಟ್ ಇರಲಿ. ಬೆಳಕು ಬಿದ್ದಾಗ ಎರಡನೆಯ ಟ್ರಾನ್ಸಿಸ್ಟರ್ ಮೊದಲನೆಯದನ್ನು ತಡೆಯುತ್ತದೆ. ಎಲ್‌ಡಿಆರ್ ಮೇಲೆ ನಿಯಂತ್ರಿತ ದೀಪದ ಬೆಳಕೇ ಬಿದ್ದರೆ ದೀಪ ಹೊತ್ತಿದೊಡನೆ ಆರಿ, ಮತ್ತೆ ಹೊತ್ತಿ ಮಿಣುಕುತ್ತಿರುತ್ತದೆ. ಆದ್ದರಿಂದ ಅದನ್ನು ದೀಪಕ್ಕೆ ಮರೆಯಾಗಿ ಇಡಬೇಕು.

ಉಳಿತಾಯದ ಲೆಕ್ಕ

ಈ ಸ್ವಿಚ್ಚು ಎಲ್ಲೆಡೆ ಉಳಿತಾಯ ಮಾಡುವುದಿಲ್ಲ. ಅಡಾಪ್ಟರ್ ಸೇರಿ ಇದು ಸದಾ ಸುಮಾರು 1 ವಾಟ್ ಬಳಸುತ್ತದೆಂದು ಹಿಡಿದರೆ, 30 ದಿನಗಳಿಗೆ 0.72 ಯೂನಿಟ್ ಆಗುತ್ತದೆ. 20 ವಾಟಿನ 6 ಎಲ್‌ಇಡಿ ಪಟ್ಟಿದೀಪಗಳು ದಿನಕ್ಕೆ 8 ಗಂಟೆ ವೃಥಾ ಉರಿಯುವ ಗೋದಾಮಿನಲ್ಲಿ ತಿಂಗಳ ನಷ್ಟ 28.8 ಯೂನಿಟ್. ಅಲ್ಲಿ ಸ್ವಿಚ್ಚು ಖಂಡಿತ ಲಾಭದಾಯಕ. ಆದರೆ 9 ವಾಟಿನ ಒಂದೇ ಬಲ್ಬು ದಿನಕ್ಕೆ 2 ಗಂಟೆ ವೃಥಾ ಉರಿದರೆ ತಿಂಗಳಿಗೆ 0.54 ಯೂನಿಟ್ ಮಾತ್ರ. ಅಲ್ಲಿ ಸ್ವಿಚ್ಚೇ ಹೆಚ್ಚು ನುಂಗುತ್ತದೆ.

ಸ್ಥಳದ ಆಯ್ಕೆ

ಬೆಲ್ಲದ ಗಾಣದ ಒಲೆಯ ಬಳಿ ಇದನ್ನು ಇಡಬಾರದು. ಬೆಂಕಿಯ ಏರಿಳಿತವನ್ನೇ ಇದು ಚಲನೆಯೆಂದು ತಿಳಿಯಬಹುದು. ಬೇಸಿಗೆಯ ಮಧ್ಯಾಹ್ನ ಸುತ್ತಲಿನ ಶಾಖವು ದೇಹದ ಶಾಖಕ್ಕೆ ಸಮೀಪಿಸಿದಾಗ ಸಂವೇದನೆ ಕುಗ್ಗುತ್ತದೆ. ಅಲುಗದೆ ಕುಳಿತು ಲೆಕ್ಕ ಬರೆಯುವ ಗುಮಾಸ್ತರ ಮೇಜಿನ ದೀಪಕ್ಕೂ ಇದು ಹೊಂದುವುದಿಲ್ಲ. ಜನರು ಸಂವೇದಕದತ್ತ ನೇರವಾಗಿ ಬರುವುದಕ್ಕಿಂತ ಅದರ ಎದುರು ಅಡ್ಡಹಾಯುವಂತೆ ಅಳವಡಿಸಿದರೆ ಫಲಿತಾಂಶ ಉತ್ತಮ.

230 ವೋಲ್ಟಿನ ಫೇಸ್ ತಂತಿಯು ಫ್ಯೂಸ್ ಮೂಲಕ ರಿಲೇಯ ಸಂಪರ್ಕಬಿಂದುಗಳಿಗೆ ಮಾತ್ರ ಬರಲಿ. ಈ ಭಾಗದ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ, ಎಲ್ಲವನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿರಿಸಬೇಕು. ಈ ಸಣ್ಣ ರಿಲೇಗೆ ಮೋಟಾರು ಜೋಡಿಸುವುದು ಸಲ್ಲದು.

ಮಾರಾಟಕ್ಕಾಗಿ ತಯಾರಿಸಬಯಸುವ ಸಣ್ಣ ಉದ್ದಿಮೆದಾರರು ಮೊದಲು ಒಂದನ್ನು ತಮ್ಮ ಗೋದಾಮಿನಲ್ಲಿಯೇ ಅಳವಡಿಸಿ, ಹಿಂದಿನ ಮತ್ತು ಮುಂದಿನ ತಿಂಗಳ ಮೀಟರ್ ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು. ಗಿರಾಕಿಗೆ ತೋರಿಸಲು ಅದಕ್ಕಿಂತ ನಂಬಲರ್ಹವಾದ ಪತ್ರ ಬೇರೊಂದಿಲ್ಲ.