ಯುದ್ಧ ಬಂದಾಗ ಸರ್ಕಾರ ಜನರಿಗೆ ಧೈರ್ಯ ತುಂಬುವುದು ಹೇಗೆ?



ಯುದ್ಧ ಎಂದರೆ ಗಡಿಯಲ್ಲಿ ಸೈನಿಕರು ಮಾಡುವುದು ಮಾತ್ರ ಎಂದು ನಾನು ತಿಳಿದಿದ್ದೆ. ಆದರೆ ಆ ಸಮಯದಲ್ಲಿ ಊರಲ್ಲಿ ಇರುವವರಿಗೂ ಧೈರ್ಯ ಬೇಕು. ಅದಕ್ಕೆ ದೊಡ್ಡವರು ಮನೋಬಲ ಅನ್ನುತ್ತಾರೆ. ಮನೋಬಲ ಕುಗ್ಗದಂತೆ ಸರ್ಕಾರ ಜನರಿಗೆ ಸುದ್ದಿ, ಚಿತ್ರ, ಘೋಷಣೆಗಳನ್ನು ಕೊಡುತ್ತದೆ. ಇದಕ್ಕೆ ಪ್ರಚಾರ ಎಂದು ಹೆಸರು. ನಮ್ಮ ಸಮಾಜದ ಮೇಷ್ಟ್ರು ಹೇಳಿದ್ದು, ನಮ್ಮಜ್ಜಿ ಹೇಳಿದ್ದು, ನಮ್ಮ ಮನೆಯಲ್ಲೇ ಆಗಿದ್ದು ಮೂರನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ.

ಊರಿನವರಿಗೆ ಧೈರ್ಯ ಯಾಕೆ ಬೇಕು?

ನಮ್ಮ ಕಡೆ ಅಡಿಕೆ ರೇಟು ಬೀಳುತ್ತಂತೆ ಎಂದು ಒಬ್ಬರು ಅಂದರೆ ಸಾಕು, ಸಂಜೆಯೊಳಗೆ ಊರೆಲ್ಲಾ ಅದೇ ಮಾತು. ಇಟ್ಟುಕೊಂಡವರೆಲ್ಲಾ ಒಟ್ಟಿಗೇ ಮಾರಲು ಹೊರಡುತ್ತಾರೆ. ಆಗ ರೇಟು ನಿಜವಾಗಿಯೂ ಬೀಳುತ್ತದೆ. ಯುದ್ಧದಲ್ಲೂ ಹೀಗೇ. ನಾವು ಸೋತೆವಂತೆ ಎಂಬ ಮಾತು ಹಬ್ಬಿದರೆ ಜನ ಅಕ್ಕಿ, ಎಣ್ಣೆ ಬಚ್ಚಿಡುತ್ತಾರೆ, ಊರು ಬಿಡುತ್ತಾರೆ. 1962ರ ನವೆಂಬರಿನಲ್ಲಿ ಚೀನಾ ಸೈನ್ಯ ಮುಂದೆ ಬಂದಾಗ ಅಸ್ಸಾಮಿನ ತೇಜಪುರ ಪಟ್ಟಣ ಹೀಗೇ ಖಾಲಿಯಾಯಿತು. ಬ್ಯಾಂಕಿನವರು ನೋಟುಗಳನ್ನೇ ಸುಟ್ಟರು. ಆದರೆ ಚೀನಾ ಸೈನ್ಯ ಆ ಪಟ್ಟಣಕ್ಕೆ ಬರಲೇ ಇಲ್ಲ. ನವೆಂಬರ್ 21ಕ್ಕೆ ಅವರೇ ಯುದ್ಧ ನಿಲ್ಲಿಸಿದರು. ಆದ್ದರಿಂದ ಜನ ಹೆದರದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸವೇ ಆಗಿದೆ.

ಪ್ರಚಾರ ಮಾಡುವ ವಿಧಾನಗಳು

1) ಗೋಡೆಯ ಚಿತ್ರಗಳು: 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿ ಕಿಚನರ್ ಎಂಬ ಸೇನಾ ಮಂತ್ರಿ ಬೆರಳು ತೋರಿಸುತ್ತಾ, ಸೈನ್ಯ ಸೇರು ಎಂದು ಕರೆಯುವ ಚಿತ್ರ ಬಂತು. ಯಾವ ಕಡೆ ನಿಂತು ನೋಡಿದರೂ ಆ ಬೆರಳು ನಮಗೇ ತೋರಿಸಿದಂತೆ ಕಾಣುತ್ತದೆ. 1939ರಲ್ಲಿ ಎರಡನೇ ಮಹಾಯುದ್ಧ ಬಂದಾಗ, ಸಮಾಧಾನದಿಂದ ಇದ್ದು ನಿಮ್ಮ ನಿಮ್ಮ ಕೆಲಸ ಮಾಡಿ ಎಂಬ ಅರ್ಥದ ಪೋಸ್ಟರನ್ನು ಅಲ್ಲಿನ ಸರ್ಕಾರ 24 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚು ಹಾಕಿಸಿತು. ಆದರೆ ಅದನ್ನು ಹೆಚ್ಚು ಕಡೆ ಅಂಟಿಸಲೇ ಇಲ್ಲ. ನಮ್ಮ ಗೋಡೆ ಪತ್ರಿಕೆ ಒಂದೇ ಪ್ರತಿ ಇದ್ದರೂ ಅಂಟಿಸಿದ್ದೇವೆ!

2) ಘೋಷಣೆ: 1965ರ ಪಾಕಿಸ್ತಾನ ಯುದ್ಧದ ವರ್ಷ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಜೈ ಜವಾನ್ ಜೈ ಕಿಸಾನ್ ಎಂದರು. ಸೈನಿಕನ ಪಕ್ಕದಲ್ಲೇ ರೈತನನ್ನೂ ನಿಲ್ಲಿಸಿದರು. ಇದರಿಂದ ಹೊಲ ಉಳುವವರಿಗೂ ನಾವೂ ದೇಶ ಕಾಯುತ್ತಿದ್ದೇವೆ ಅನ್ನಿಸಿತು.

3) ರೇಡಿಯೋ: ಆಗ ಟಿ.ವಿ. ನಮ್ಮ ಕಡೆ ಇರಲಿಲ್ಲ. ನಮ್ಮ ಹತ್ತಿರದ ಭದ್ರಾವತಿ ಆಕಾಶವಾಣಿ ಶುರುವಾಗಿದ್ದೂ 1965ರಲ್ಲೇ. ಅಜ್ಜಿಗೆ ಆಗ 10 ವರ್ಷ. ಅವರ ತವರಿನಲ್ಲಿ ಕೇರಿಗೆಲ್ಲಾ ಒಂದೇ ರೇಡಿಯೋ ಇತ್ತಂತೆ. ವಾರ್ತೆ ಹೊತ್ತಿಗೆ ಎಲ್ಲರೂ ಆ ಮನೆಯ ಜಗಲಿ ಮೇಲೆ ಸೇರುತ್ತಿದ್ದರಂತೆ. ಒಟ್ಟಿಗೆ ಕೂತು ಕೇಳುವುದರಿಂದಲೂ ಧೈರ್ಯ ಬರುತ್ತದೆ.

4) ಎಲ್ಲರಿಗೂ ಒಂದೊಂದು ಕೆಲಸ ಕೊಡುವುದು: ಸುಮ್ಮನೆ ಕೂತವರಿಗೆ ಭಯ ಜಾಸ್ತಿ. 1962ರಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿ ಶುರುವಾದಾಗ ಹೆಂಗಸರು ಮೈಮೇಲಿನ ಬಂಗಾರ ಬಿಚ್ಚಿ ಕೊಟ್ಟರು. 1965ರಲ್ಲಿ ಮಳೆ ಕೈಕೊಟ್ಟಿತ್ತು. ಗೋಧಿ ಅಮೆರಿಕದಿಂದ ಬರಬೇಕಿತ್ತು. ಆಗ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು, ಸೋಮವಾರ ರಾತ್ರಿ, ಊಟ ಬಿಡಿ ಎಂದು ಕೇಳಿಕೊಂಡರು. ಮೊದಲು ತಮ್ಮ ಮನೆಯಲ್ಲೇ ಬಿಡಿಸಿದರು.

ಇದರ ಬಗ್ಗೆ ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ನಮ್ಮವ್ವ ಮೊದಲೇ ಶಿವನಿಗೆ ಅಂತ ಸೋಮವಾರ ಒಪ್ಪತ್ತು ಮಾಡ್ತಿದ್ಲು. ಆವಾಗಿಂದ ನಾವು ಹುಡುಗ್ರೂ ರಾತ್ರಿ ಉಣ್ಣದು ಬಿಟ್ವಿ. ದೇವ್ರಿಗೂ ಆತು, ದೇಶಕ್ಕೂ ಆತು ಅಂತಿದ್ಲು ಅವ್ವ. ಹೊಟ್ಟೆ ಹಸೀತಿತ್ತು. ಆದ್ರೆ ಶಾಸ್ತ್ರಿಗಳ ಮನೇಲೂ ಉಂಡಿಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೆ ಸಿಟ್ಟು ಬರ್ತಿರ್ಲಿಲ್ಲ.” ಅಜ್ಜಿ ಈಗಲೂ ಸೋಮವಾರ ಒಪ್ಪತ್ತು ಮಾಡುತ್ತಾರೆ.

5) ಹೆಸರು ಇಡುವುದು: 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದರು. ಅದರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರು ಇದ್ದರು. ಮೇ 7ರಂದು ನಮ್ಮ ಸೈನ್ಯ ಮಾಡಿದ ಕಾರ್ಯಾಚರಣೆಗೆ ಸಿಂಧೂರ ಎಂದು ಹೆಸರಿಟ್ಟರು. ಗಂಡನನ್ನು ಕಳೆದುಕೊಂಡ ಹೆಂಗಸರ ದುಃಖ ಆ ಒಂದೇ ಮಾತಿನಲ್ಲಿ ಬಂತು. ಬಿಡಿಸಿ ಹೇಳದೆಯೇ ನಮ್ಮಮ್ಮನಿಗೂ ಅರ್ಥವಾಯಿತು.

ಪ್ರಚಾರದಲ್ಲಿ ಸುಳ್ಳು ಸೇರಿದರೆ?

1971ರ ಯುದ್ಧದಲ್ಲಿ ಪಾಕಿಸ್ತಾನದ ರೇಡಿಯೋ, ಪತ್ರಿಕೆಗಳು ನಾವೇ ಗೆಲ್ಲುತ್ತಿದ್ದೇವೆ ಎಂದು ಅಲ್ಲಿನ ಜನರಿಗೆ ಹೇಳುತ್ತಾ ಬಂದವು. ಡಿಸೆಂಬರ್ 16ರಂದು ಢಾಕಾದಲ್ಲಿ ಅವರ ಸೈನ್ಯ ಶರಣಾಯಿತು. ಸುಮಾರು 93,000 ಜನ ಸೆರೆಯಾದರು. ಗೆಲ್ಲುತ್ತಿದ್ದೇವೆ ಎಂದು ನಂಬಿದ್ದ ಜನರಿಗೆ ಸಿಡಿಲು ಬಡಿದಂತಾಯಿತು. ಅವರು ಬೀದಿಗೆ ಇಳಿದರು. ನಾಲ್ಕೇ ದಿನದಲ್ಲಿ ಅಧ್ಯಕ್ಷ ಯಾಹ್ಯಾ ಖಾನ್ ಅಧಿಕಾರ ಬಿಡಬೇಕಾಯಿತು.

ಇದು ಬೇರೆ ದೇಶದ ಕತೆ ಎಂದು ನಗಬೇಡಿ. ನಮ್ಮ ಮನೆಯಲ್ಲೂ ಆಗಿದೆ. ನಮ್ಮ ಚಿಕ್ಕಪ್ಪ ಸೈನ್ಯದಲ್ಲಿದ್ದಾರೆ. 2025ರ ಮೇ ತಿಂಗಳಲ್ಲಿ ಎರಡು ದಿನ ಅವರ ಫೋನ್ ಬರಲಿಲ್ಲ. ಅಜ್ಜಿ ಸರಿಯಾಗಿ ಉಣ್ಣಲಿಲ್ಲ. ಮೇ 8ರ ರಾತ್ರಿ ಟಿ.ವಿ.ಯಲ್ಲಿ ಕರಾಚಿ ಬಂದರು ಧ್ವಂಸವಾಯಿತು ಎಂದು ದೊಡ್ಡ ಅಕ್ಷರದಲ್ಲಿ ಬಂತು. ನಾನು ಚಪ್ಪಾಳೆ ಹೊಡೆದು ಒಳಗೆ ಓಡಿ, “ಅಜ್ಜಿ, ಯುದ್ಧ ಮುಗೀತು, ಚಿಕ್ಕಪ್ಪ ಬರ್ತಾರೆ” ಎಂದೆ. ಅಜ್ಜಿ ಎದ್ದು ದೇವರಿಗೆ ದೀಪ ಹಚ್ಚಿದರು. ಬೆಳಿಗ್ಗೆ ಹೋಳಿಗೆ ಮಾಡೋಣ ಎಂದು ಕಡ್ಲೆಬೇಳೆ ನೆನೆಹಾಕಿದರು.

ಬೆಳಿಗ್ಗೆ ಅದು ಸುಳ್ಳು ಎಂದು ಗೊತ್ತಾಯಿತು. ಕರಾಚಿ ಬಂದರಿನ ಮೇಲೆ ದಾಳಿ ಆಗಿಯೇ ಇರಲಿಲ್ಲ. ಹಾಗೆಂದು ಸರ್ಕಾರವೂ ಹೇಳಿರಲಿಲ್ಲ, ಚಾನೆಲ್ಲಿನವರೇ ಹೇಳಿದ್ದರು. ಆ ದಿನಗಳಲ್ಲಿ ಎರಡೂ ದೇಶದಲ್ಲಿ ಹಳೇ ವಿಡಿಯೋ, ವಿಡಿಯೋ ಗೇಮಿನ ಚಿತ್ರಗಳೂ ಯುದ್ಧದ್ದು ಅಂತ ಮೊಬೈಲಿನಲ್ಲಿ ಓಡಾಡಿದವು. ನೆನೆದ ಬೇಳೆಯಲ್ಲಿ ಅಮ್ಮ ವಡೆ ಮಾಡಿದಳು. ಯಾರೂ ಮಾತಾಡದೆ ತಿಂದೆವು.

ಮೇ 10ರ ಸಂಜೆ ಎರಡೂ ಕಡೆ ಗುಂಡು ಹಾರಿಸುವುದು ನಿಲ್ಲುತ್ತದೆ ಎಂದು ನಿಜವಾದ ಸುದ್ದಿ ಬಂತು. ನಾನು ಹೇಳಿದರೆ ಅಜ್ಜಿ, “ಹೋಗಲೇ, ನಿನ್ನ ಟಿ.ವಿ. ಮಾತು ನಾನು ನಂಬದಿಲ್ಲ” ಎಂದು ಗೋಡೆ ಕಡೆ ತಿರುಗಿ ಮಲಗಿದರು. ನನಗೆ ಅಳು ಬಂತು. ಒಂದು ಸುಳ್ಳು ಹೇಳಿದರೆ ಮುಂದಿನ ನಿಜವೂ ಕೆಲಸಕ್ಕೆ ಬರುವುದಿಲ್ಲ ಎಂದು ಅವತ್ತು ತಿಳಿಯಿತು.

ಎರಡು ದಿನ ಬಿಟ್ಟು ಚಿಕ್ಕಪ್ಪನ ಫೋನ್ ಬಂತು. “ಎಲ್ಲಿದೀಯಪ್ಪಾ?” ಎಂದು ಅಜ್ಜಿ ಕೇಳಿದರು. “ಅದನ್ನ ಹೇಳಂಗಿಲ್ಲ ಕಣವ್ವಾ. ಚೆನ್ನಾಗಿದೀನಿ” ಎಂದರು. ಆ ರಾತ್ರಿ ಅಜ್ಜಿ ಎರಡು ಮುದ್ದೆ ಉಂಡರು.

ಗುಟ್ಟು ಬೇರೆ, ಸುಳ್ಳು ಬೇರೆ

ಸೈನ್ಯ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ಹೇಳದಿರುವುದು ಗುಟ್ಟು. ಅದು ಸೈನಿಕರ ಜೀವ ಉಳಿಸುತ್ತದೆ. ಸೈನ್ಯದ ಓಡಾಟವನ್ನು ನೇರವಾಗಿ ತೋರಿಸಬೇಡಿ ಎಂದು 2025ರಲ್ಲಿ ಸರ್ಕಾರ ಚಾನೆಲ್ಲುಗಳಿಗೆ ಹೇಳಿದ್ದೂ ಇದಕ್ಕೇ. ಸೋತಿದ್ದನ್ನು ಗೆದ್ದೆವು ಎನ್ನುವುದು, ಆಗದ್ದನ್ನು ಆಯಿತು ಎನ್ನುವುದು ಸುಳ್ಳು. ಅದರಿಂದ ಬರುವ ಧೈರ್ಯ ಒಂದು ರಾತ್ರಿ ಮಾತ್ರ ಇರುತ್ತದೆ. ಶಾಸ್ತ್ರಿಯವರು ಊಟ ಕಡಿಮೆ ಇದೆ ಎಂಬ ಕಷ್ಟವನ್ನು ಮುಚ್ಚಿಡಲಿಲ್ಲ. ಅದಕ್ಕೇ ಜನ ನಂಬಿದರು.

ಆದುದರಿಂದ ಗೆಳೆಯರೇ, ಯುದ್ಧದ ಸುದ್ದಿ ಕೇಳಿದ ಕೂಡಲೇ ನನ್ನ ಹಾಗೆ ಓಡಬೇಡಿ. ಇದನ್ನು ಹೇಳಿದವರು ಯಾರು? ಅವರು ಕಣ್ಣಾರೆ ನೋಡಿದ್ದಾರಾ? ಬೇರೆಯವರೂ ಹೇಳುತ್ತಿದ್ದಾರಾ? ಈ ಮೂರು ಪ್ರಶ್ನೆ ಕೇಳಿರಿ. ಯಾಕೆಂದರೆ ಒಳಗಿನ ಕೋಣೆಯಲ್ಲಿ ಒಬ್ಬರು ಅಜ್ಜಿ ನಿಮ್ಮ ಮಾತಿಗೆ ಕಾಯುತ್ತಾ ಇರಬಹುದು.

ತಪ್ಪಿದ್ದರೆ ತಿದ್ದಿರಿ.

7ನೇ ತರಗತಿ, ಉಬ್ರಾಣಿ