ಹರಡಿನ ಕೆಳಗೊಂದು ಕೀಲು

ಸಿಮೆಂಟ್ ನೆಲದ ಮೇಲೆ ಆರಾಮಾಗಿ ಓಡಾಡುವವರು ಗದ್ದೆಯ ಬದು ಹತ್ತಿದೊಡನೆ ‘ಹರಡು ನೋವು’ ಎನ್ನುತ್ತಾರೆ. ಎಣ್ಣೆ ತಿಕ್ಕುತ್ತಾರೆ, ಪಟ್ಟಿ ಸುತ್ತುತ್ತಾರೆ. ಎಷ್ಟೋ ಸಲ ನೋಯುತ್ತಿರುವುದು ಹರಡಿನ ಕೀಲಲ್ಲ, ಅದರ ಕೆಳಗಿರುವ ಇನ್ನೊಂದು ಕೀಲು.

ಪಾದದ 26 ಮೂಳೆಗಳಲ್ಲಿ ಹಿಂಭಾಗದವು ಎರಡೇ: ನೆಲಕ್ಕೆ ತಾಗುವ ಹಿಮ್ಮಡಿ ಮೂಳೆ, ಅದರ ಮೇಲೆ ಕೂತ ಟೇಲಸ್. ಟೇಲಸ್‌ನ ಮೇಲ್ಭಾಗ ಕಾಲಿನ ಮೂಳೆಗಳೊಂದಿಗೆ ಸೇರಿ ಹರಡಿನ ಕೀಲಾಗುತ್ತದೆ. ಪಾದ ಮೇಲೆ ಕೆಳಗೆ ಆಡುವುದು ಅಲ್ಲಿ. ಟೇಲಸ್ ಮತ್ತು ಹಿಮ್ಮಡಿ ಮೂಳೆ ಕೂಡುವ ಜಾಗವೇ ಸಬ್‌ಟೇಲರ್ ಕೀಲು. ಪಾದ ಒಳಕ್ಕೆ, ಹೊರಕ್ಕೆ ವಾಲುವುದು ಮುಖ್ಯವಾಗಿ ಇದರಿಂದ. ಕಲ್ಲಿನ ಮೇಲೆ ಕಾಲಿಟ್ಟಾಗ ಪಾದ ಓರೆಯಾದರೂ ಮೈ ನೆಟ್ಟಗೆ ನಿಲ್ಲುವುದು ಈ ಕೀಲಿನ ಉಪಕಾರ.

ಟೇಲಸ್ ನನಗೆ ಬಹಳ ಅಚ್ಚರಿಯ ಮೂಳೆ. ಇಷ್ಟು ಭಾರ ಹೊರುವ ಅದಕ್ಕೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದರ ಮೇಲ್ಮೈಯ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಮೃದ್ವಸ್ಥಿ ಹೊದ್ದಿರುವುದರಿಂದ ರಕ್ತನಾಳಗಳು ಒಳಹೋಗಲು ಜಾಗ ಕಡಿಮೆ. ಮುರಿದರೆ ರಕ್ತ ಸಿಗದೆ ಮೂಳೆಯ ಒಂದು ಭಾಗ ಸಾಯಬಹುದು. ಮೊದಲ ಮಹಾಯುದ್ಧದಲ್ಲಿ ವಿಮಾನ ನೆಲಕ್ಕಪ್ಪಳಿಸಿದಾಗ ಚಾಲಕರಿಗೆ ಇದೇ ಮೂಳೆ ಮುರಿಯುತ್ತಿದ್ದುದನ್ನು ಶಸ್ತ್ರವೈದ್ಯ ಆಂಡರ್ಸನ್ 1919ರಲ್ಲಿ ವಿವರಿಸಿದರು.

ಸಬ್‌ಟೇಲರ್ ಕೀಲು ಸವೆಯಲು ದೊಡ್ಡ ಕಾರಣ ಹಳೆಯ ಪೆಟ್ಟು. ಅಡಿಕೆ ಮರದಿಂದ ಜಾರಿದ ಕೊನೆಗೌಡ, ಸಾರುವೆಯಿಂದ ಬಿದ್ದ ಗಾರೆ ಕೆಲಸದವನು ಹಿಮ್ಮಡಿಯೂರಿ ನೆಲಕ್ಕೆ ಬಂದರೆ ಮೇಲಿನ ಟೇಲಸ್ ಕೆಳಗಿನ ಮೂಳೆಯನ್ನು ಜಜ್ಜುತ್ತದೆ. ಮೂಳೆ ಕೂಡಿಕೊಂಡರೂ ಕೀಲಿನ ಮೇಲ್ಮೈ ಏರುತಗ್ಗಾಗಿಯೇ ಉಳಿದರೆ, ಪ್ರತಿ ಹೆಜ್ಜೆಗೂ ಮೃದ್ವಸ್ಥಿ ಉಜ್ಜಿ ತೆಳುವಾಗುತ್ತದೆ. ಬಿದ್ದು ಹಿಮ್ಮಡಿ ಊದಿದವರನ್ನು ‘ಉಳುಕು’ ಎಂದು ಮನೆಯಲ್ಲೇ ಮಲಗಿಸಬಾರದು, ಎಕ್ಸ್‌ರೇ ಆಗಲೇಬೇಕು. ಬೆನ್ನುಮೂಳೆಯನ್ನೂ ನೋಡಿಸಬೇಕು, ಅದೇ ಹೊಡೆತ ಅಲ್ಲಿಗೂ ಏರಿರಬಹುದು.

ರುಮಟಾಯ್ಡ್ ಸಂಧಿವಾತ, ಪದೇ ಪದೇ ಆಗುವ ಉಳುಕು, ಪಾದದ ಕಮಾನು ಎತ್ತಿಹಿಡಿಯುವ ಸ್ನಾಯುರಜ್ಜು ಸೋತು ಪಾದ ಚಪ್ಪಟೆಯಾಗುವುದು ಕೂಡ ಕಾರಣಗಳೇ. ಬೆಳಗ್ಗೆ ಎದ್ದ ಮೊದಲ ಹೆಜ್ಜೆಗೇ ಹಿಮ್ಮಡಿಯ ತಳ ಚುಚ್ಚಿದರೆ ಮಾತ್ರ ಅದು ಸಾಮಾನ್ಯವಾಗಿ ಕೀಲಿನದ್ದಲ್ಲ, ಅಂಗಾಲಿನ ಅಂಗಾಂಶದ ಪಟ್ಟಿಯದು.

ಬೂಟು, ಆಧಾರಪಟ್ಟಿ, ಚುಚ್ಚುಮದ್ದು ಯಾವುದಕ್ಕೂ ಸಬ್‌ಟೇಲರ್ ಕೀಲಿನ ನೋವು ಬಗ್ಗದಿದ್ದರೆ ಟೇಲಸ್, ಹಿಮ್ಮಡಿ ಮೂಳೆ ಎರಡನ್ನೂ ಸ್ಕ್ರೂ ಹಾಕಿ ಒಂದಾಗಿಸುತ್ತಾರೆ. ಆಗ ಪಾದ ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೆ ವಾಲುವುದು ಬಹುಮಟ್ಟಿಗೆ ನಿಲ್ಲುತ್ತದೆ. ಇಳಿಜಾರಿನ ತೋಟದಲ್ಲಿ ದುಡಿಯುವವರಿಗೆ ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬಿಡಿಸಿ ಹೇಳಬೇಕು.